ಅಂಬಿಗನ ಆಯುಷ್ಯ

ಪುಸ್ತಕ ಓದಿದವರ ಜೊತೆ ಸಿನಿಮಾಕ್ಕೆ ಹೋಗಬಾರದು, ಅದರಲ್ಲೂ ನನ್ನ ಜೊತೆ ಹೋಗಲೇಬಾರದು ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿದ್ದಾರೆ. ಕಾದಂಬರಿಯ ನಾಯಕಿ ಹಸಿರು ಸೀರೆ ಉಟ್ಟಿದ್ದರೆ ಪರದೆಯ ಮೇಲೂ ಹಸಿರು ಸೀರೆಯನ್ನೇ ಉಡಬೇಕು ಎನ್ನುವವಳು ನಾನು. ಇದಕ್ಕೆ ನನ್ನ ಉದ್ಯೋಗವೂ ಕಾರಣವಿರಬಹುದು. ಹೊಸನಗರದ ಕಚೇರಿಯೊಂದರಲ್ಲಿ ಕುಳಿತು, ಹಳೆಯ ಕಾಗದಗಳ ನಕಲನ್ನು ಮೂಲದೊಂದಿಗೆ ತಾಳೆ ನೋಡಿ, 'ದೃಢೀಕೃತ ನಕಲು' ಎಂದು ಮೊಹರು ಒತ್ತುವುದು ನನ್ನ ಕೆಲಸ. ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ವಾಪಸು ಕಳಿಸುತ್ತೇನೆ. ಇಷ್ಟೆಲ್ಲ ಜಂಬ ಕೊಚ್ಚಿಕೊಂಡ ಮೇಲೆ ನಾನು ಮಾಡಿದ ಅಪರಾಧವನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ದಿನಕ್ಕೆ ನಾಲ್ಕು ಪುಟವಾದರೂ ಓದದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಹಾಗಾಗಿ ನಾನು ಸಂಜೆ ಕಚೇರಿಯಿಂದ ಬಂದು ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡಾಯಿತು. ಅದರಲ್ಲೊಬ್ಬ ಮುದಿ ಅಂಬಿಗ, ದ್ಯಾವಣ್ಣ. ಜನರ ಜೊತೆಗೆ ಎಲ್ಲರ ಸುದ್ದಿಯನ್ನೂ ಈ ದಡದಿಂದ ಆ ದಡಕ್ಕೆ ದಾಟಿಸುವವನು. ಅತ್ತೆಗೆ ಅವನೆಂದರೆ ಪ್ರಾಣ. ನಾನು ಚಪ್ಪಲಿ ಬಿಡುವ ಮೊದಲೇ "ಇವತ್ತು ದ್ಯಾವಣ್ಣ ಬರ್ತಾನಾ?" ಎಂದು ಕೇಳುತ್ತಿದ್ದರು. ಹನ್ನೊಂದನೆಯ ಅಧ್ಯಾಯದಲ್ಲಿ ಆ ದ್ಯಾವಣ್ಣ ಹೊಳೆಯಲ್ಲಿ ಮುಳುಗಿ ಸಾಯುತ್ತಾನೆ. ನಾನು ಆ ಪುಟಕ್ಕೆ ಬಂದದ್ದು ಆಪರೇಷನ್ ಆದ ಹತ್ತನೆಯ ದಿನ. ಹದಿನೈದು ದಿನ ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹೊರಗಿನ ನೀರೋ ಒಳಗಿನ ನೀರೋ ಎಂದು ಬಿಡಿಸಿ ಹೇಳಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಕಾಯುತ್ತಿದ್ದ ಅತ್ತೆಯ ಮುಖ ನೋಡಿದೆ. ಮುಳುಗುತ್ತಿದ್ದ ದ್ಯಾವಣ್ಣನ ಕೈಗೆ ಒಂದು ಬಿದಿರು ಕೊಟ್ಟು ದಡಕ್ಕೆ ಎಳೆದುಬಿಟ್ಟೆ.

ಬದುಕಿಸಿದ್ದೇನೋ ಆಯಿತು, ಉಳಿದ ಒಂಬತ್ತು ಅಧ್ಯಾಯ ಅವನನ್ನು ಎಲ್ಲಿಡುವುದು? ಪುಣ್ಯಕ್ಕೆ ನಾನು ನಮ್ಮೂರ ಮಹಿಳಾ ತಾಳಮದ್ದಲೆ ಸಂಘದಲ್ಲಿ ಅರ್ಥ ಹೇಳುವವಳು. ಭಾಗವತರು ಎರಡು ಸಾಲಿನ ಪದ್ಯ ಹಾಡಿದರೆ, ಅದರ ಮೇಲೆ ಆ ಕ್ಷಣಕ್ಕೆ ಹೊಳೆದ ಮಾತನ್ನು ಅರ್ಧ ಗಂಟೆ ಕಟ್ಟುವುದು ಅಲ್ಲಿನ ಪದ್ಧತಿ. ಕಟ್ಟಿದಷ್ಟೂ ಜನ ಹೊಗಳುತ್ತಾರೆ. ಆ ಅಭ್ಯಾಸಬಲದಿಂದ ದ್ಯಾವಣ್ಣನನ್ನು ಸುಧಾರಿಸಿಕೊಳ್ಳಲು ಮೇಳಿಗೆ ಊರಲ್ಲಿದ್ದ ಮಗಳ ಮನೆಗೆ ಕಳಿಸಿದೆ. ನಾಯಕಿಯ ತಂಗಿಯ ಮದುವೆಗೆ ಕರೆಸಿ ಎರಡು ಸಲ ಪಾಯಸ ಬಡಿಸಿದೆ. ಕೊನೆಗೆ ನಾಯಕ ಊರಿಗೆ ಮರಳಿದ ಸುದ್ದಿಯನ್ನು ನಾಯಕಿಗೆ ಮುಟ್ಟಿಸಿದವನೂ ಅವನೇ. "ಎಷ್ಟು ಚೆಂದ ಬರೆದಿದ್ದಾರೆ ಮಾರಾಯ್ತಿ" ಎಂದು ಅತ್ತೆ ಲೇಖಕರನ್ನು ಹೊಗಳಿದರು. ಒಳಗೊಳಗೇ ನಾನು ಉಬ್ಬಿದೆ.

ಈ ವರ್ಷ ಅದೇ ಕಾದಂಬರಿ ಸಿನಿಮಾ ಆಯಿತು, ಊರಿಗೆ ಊರೇ ಹೋಗಿ ನೋಡಿತು. ಮೂರನೆಯ ವಾರ ಸಾಗರದ ಟಾಕೀಸಿನಲ್ಲಿ ನಮಗೂ ಟಿಕೆಟ್ ಸಿಕ್ಕಿತು. ಮೊದಮೊದಲು ಅತ್ತೆ ಸೊಸೆ ಇಬ್ಬರೂ ಒಂದಾಗಿ ತಪ್ಪು ಹುಡುಕಿದೆವು. ನಾಯಕ ಬೆಳಿಗ್ಗೆ ಮೇಗರವಳ್ಳಿಯಿಂದ ನಡೆದು ಹೊರಟವನು ಬಿಸಿಲೇರುವ ಮೊದಲೇ ಎರಡು ತಾಲ್ಲೂಕು ದಾಟಿ ವರದಹಳ್ಳಿ ತಲುಪಿದ. "ಬಸ್ಸಲ್ಲಿ ಹೋದ್ರೂ ತೀರ್ಥಹಳ್ಳೀಲಿ ಇಳಿದು ಒಂದು ಕಾಫಿ ಕುಡೀಬೇಕು" ಎಂದರು ಅತ್ತೆ. ಆಷಾಢದ ಕಾಡಿನಲ್ಲಿ ನಾಯಕಿ ಬರಿಗಾಲಲ್ಲಿ ಕುಣಿದರೂ ಒಂದೇ ಒಂದು ಇಂಬಳ ಕಾಲಿಗೆ ಹತ್ತಿ ರಕ್ತ ಹೀರಲಿಲ್ಲ. ನಾನು ಭಾರೀ ಖುಷಿಯಲ್ಲಿದ್ದೆ. ಇಂಟರ್ವಲ್‌ಗೆ ಐದು ನಿಮಿಷ ಇರುವಾಗ ಹೊಳೆ ಉಕ್ಕಿತು. ಆಗ ನನಗೆ ದ್ಯಾವಣ್ಣನ ನೆನಪಾಯಿತು. ಇಷ್ಟೆಲ್ಲ ಬದಲಿಸಿದ್ದಾರಲ್ಲ, ಇದೊಂದನ್ನೂ ಬದಲಿಸಿರಲಿ ದೇವರೇ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ. ನಿರ್ದೇಶಕರು ಅದೊಂದನ್ನು ಮಾತ್ರ ಪುಸ್ತಕದಲ್ಲಿದ್ದಂತೆಯೇ ತೆಗೆದಿದ್ದರು.

"ಸುಳ್ಳು" ಎಂದರು ಅತ್ತೆ, ಇಡೀ ಟಾಕೀಸಿಗೆ ಕೇಳುವಂತೆ. "ಬಿದಿರು ಎಲ್ಲಿ?"

ಹೊಸನಗರ ತಲುಪುವವರೆಗೂ ಅದೇ ಮಾತು. "ಬದುಕಿದ್ದವನನ್ನ ಕೊಂದು ಹಾಕಿದ್ರಲ್ಲನೇ. ಬರೆದವ್ರಿಗೆ ಎಷ್ಟು ನೋವಾಗಿರಬೇಕು." ಬರುವ ಭಾನುವಾರ ನಮ್ಮ ಓದುಗರ ಬಳಗದಲ್ಲಿ ಸಿನಿಮಾ ಮೂಲಕ್ಕೆ ನಿಷ್ಠವಾಗಿರಬೇಕು ಎಂದು ನಾನೇ ಭಾಷಣ ಮಾಡುವುದಿತ್ತು. "ದ್ಯಾವಣ್ಣನ ವಿಷಯ ನೀನು ಹೇಳು. ಹೇಳದಿದ್ರೆ ನಾನೇ ಎದ್ದು ಹೇಳ್ತೀನಿ" ಎಂದರು ಅತ್ತೆ. ಮನೆಯಲ್ಲಿದ್ದ ಪ್ರತಿಯನ್ನು ನಾನು ಅಕ್ಕಿ ಡಬ್ಬದ ಹಿಂದೆ ಅಡಗಿಸಿದೆ. ಅವರು ಗ್ರಂಥಾಲಯಕ್ಕೆ ಹೋಗಿ ಇನ್ನೊಂದನ್ನು ತಂದರು. ಬಳಗದಲ್ಲಿ ಮಾನ ಹೋದರೆ ಹೋಗಲಿ ಎನ್ನಿಸಿತ್ತು. ಕಣ್ಣು ಕಾಣದಾಗ ನನ್ನ ದನಿಯನ್ನೇ ನಂಬಿ ಕೂತಿದ್ದವರಿಗೆ ನಾನು ಸುಳ್ಳು ಓದಿದೆ ಎಂದು ತಿಳಿದರೆ?

ಎರಡು ದಿನ ಅವರು ಅದನ್ನೇ ಓದಿದರು. ಹನ್ನೊಂದನೆಯ ಅಧ್ಯಾಯ ಬಂದದ್ದು ನನಗೆ ಅಡುಗೆಮನೆಯಿಂದಲೇ ಗೊತ್ತಾಯಿತು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಶನಿವಾರ ಸಂಜೆ "ಸವಿತಾ, ಇಲ್ಲಿ ಬಾ" ಎಂದು ಕರೆ ಬಂತು.

"ಅತ್ತೆ, ಆವತ್ತು ಡಾಕ್ಟ್ರು ಕಣ್ಣಿಗೆ ನೀರು ತಾಗಬಾರದು ಅಂದಿದ್ರು, ಅದಕ್ಕೆ ನಾನು..."

"ಅದಿರಲಿ. ದ್ಯಾವಣ್ಣ ಇದ್ರಲ್ಲಿ ಸತ್ತೇ ಹೋಗ್ತಾನೆ. ಹಾಗಾದ್ರೆ ಹುಡುಗ ಬಂದ ಸುದ್ದಿ ಹೊಳೆಯಾಚೆ ಇದ್ದ ಹುಡುಗಿಗೆ ಹೇಳಿದ್ದು ಯಾರು? ಕೊನೆಯ ಅಧ್ಯಾಯ ಎರಡು ಸಲ ಓದಿದೆ. ಯಾರೂ ಹೇಳೋದೇ ಇಲ್ಲ. ಸುಮ್ನೆ ಬಂದು ನಿಂತ್ಕೊಳ್ತಾಳೆ."

ಪುಸ್ತಕ ತೆಗೆದು ನೋಡಿದೆ. ನಿಜ. ನಾಲ್ಕು ಸಲ ಓದಿದ್ದ ನನಗೇ ಆ ತೂತು ಕಂಡಿರಲಿಲ್ಲ; ಅದಕ್ಕೆ ನಾನೇ ದ್ಯಾವಣ್ಣನನ್ನು ಅಡ್ಡ ನಿಲ್ಲಿಸಿದ್ದೆನಲ್ಲ.

"ಬರೆದವ್ರು ಮರೆತಿದ್ದಾರೆ. ಸಿನಿಮಾದವ್ರು ಅವರನ್ನ ನೋಡಿ ಕಾಪಿ ಹೊಡೆದಿದ್ದಾರೆ" ಎಂದು ಅತ್ತೆ ತೀರ್ಪು ಕೊಟ್ಟರು. "ನೀನು ಓದಿದ್ದೇ ಸರಿ."

ಭಾನುವಾರ ಮೂಲನಿಷ್ಠೆಯ ಬಗ್ಗೆ ಹತ್ತೇ ನಿಮಿಷ ಮಾತಾಡಿ ಕೂತೆ. ಮುಂದಿನ ಸಾಲಿನಲ್ಲಿದ್ದ ಅತ್ತೆ ತುಟಿ ಬಿಚ್ಚಲಿಲ್ಲ. ಮನೆಗೆ ಬಂದವರೇ ಗ್ರಂಥಾಲಯದಿಂದ ತಂದಿದ್ದ ಬೇರೊಂದು ಕಾದಂಬರಿಯನ್ನು ನನ್ನ ಕೈಗಿತ್ತರು. ಅವರ ಕಣ್ಣು ಈಗ ನನಗಿಂತ ಚೆನ್ನಾಗಿ ಕಾಣುತ್ತದೆ. "ಇದ್ರಲ್ಲೊಬ್ಬಳು ಅಜ್ಜಿ ಇದ್ದಾಳೆ. ನೂರನೇ ಪುಟದಲ್ಲಿ ಕಾಯಿಲೆ ಬಿದ್ದಿದ್ದಾಳೆ. ಮುಂದೆ ನಾನು ಓದ್ಲಿಲ್ಲ. ಸ್ವಲ್ಪ ನೋಡ್ಕೊಂಡು ಓದು" ಎಂದರು.

ನೂರಾ ನಾಲ್ಕನೆಯ ಪುಟದಲ್ಲಿ ಅಜ್ಜಿಗೆ ಜ್ವರ ಬಿಟ್ಟಿತು. ಪುಸ್ತಕದಲ್ಲಿ ಏನಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾಳೆ ಹತ್ತು ಗಂಟೆಗೆ ನಾನು ಮತ್ತೆ ಮೊಹರು ಹಿಡಿದು ಕೂರಬೇಕು.