ಅತ್ತೆಯ ಟಾರ್ಚಿನ ಗಾಜು

ಗಾಜು ಬಸ್ಸಿನಲ್ಲೇ ಒಡೆಯಬಹುದಿತ್ತು. ಒಡೆಯದೆ ಬಂದರೆ ಅಳತೆ ತಪ್ಪಬಹುದಿತ್ತು. ಅಳತೆ ಸರಿಯಿದ್ದರೆ, ಕೂರಿಸುವಾಗ ನನ್ನ ಹೆಬ್ಬೆರಳು ಕೊಯ್ದು, ನಂಜಾಗಿ, ನನ್ನನ್ನು ಹಾಸನದ ಆಸ್ಪತ್ರೆಗೆ ಹೊತ್ತೊಯ್ಯಬಹುದಿತ್ತು. ಬಲ್ಬು ಸುಟ್ಟು, ಸ್ಪ್ರಿಂಗು ಹಾರಿ ಕಾಫಿ ರಾಶಿಯೊಳಗೆ ಮಾಯವಾಗಬಹುದಿತ್ತು. ಹಿಂದಿನ ರಾತ್ರಿಯೆಲ್ಲ ಇಷ್ಟನ್ನೂ ಯೋಚಿಸಿ ಎದ್ದವನು ನಾನು. ಇದ್ಯಾವುದೂ ಆಗಲಿಲ್ಲ. ಆದದ್ದು ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಎಡವಟ್ಟು.

ಇಡೀ ಆಲೂರು ಸೀಮೆಯಲ್ಲಿ ಮಟಮಟ ಮಧ್ಯಾಹ್ನ ಟಾರ್ಚ್ ಹಾಕಿಕೊಂಡು ತಿರುಗುವ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಒಬ್ಬರೇ! ಮಗ್ಗೆ ಹತ್ತಿರ ಅವರ ಸಣ್ಣ ಕಾಫಿ ತೋಟ. ಕೈಯಲ್ಲಿ ಮೂರು ಸೆಲ್ಲಿನ ಉದ್ದನೆಯ ಟಾರ್ಚು. ಎದುರಿಗೆ ಯಾರೇ ಬರಲಿ, ಮೊದಲು ಮುಖಕ್ಕೆ ಬೆಳಕು, ಆಮೇಲೆ ಮಾತು.

"ಯಾರ್ಲಾ ಅದು?"

"ನಾನು ಅತ್ತೆ, ನಿನ್ನ ಅಣ್ಣನ ಮಗ."

"ಹಂಗಂತ ಮೊದ್ಲೇ ಬೊಗಳಬಾರ್ದಾ!"

ಒಮ್ಮೆ ಆನೇಮಹಲಿನಲ್ಲಿ ಹಾಡಹಗಲೇ ಬಸ್ಸಿನ ಬೋರ್ಡಿಗೆ ಟಾರ್ಚ್ ಬಿಟ್ಟರು. ಕಂಡಕ್ಟರ್ ನಕ್ಕು, "ಏನಮ್ಮಾ ಹುಡುಕ್ತಿದೀರಿ?" ಎಂದ. "ನಿನ್ನ ಬಸ್ಸಲ್ಲಿ ಜಾಗ ಕಣಪ್ಪ!" ಎಂದರು ಅತ್ತೆ. ಬಸ್ಸಿಗೆ ಬಸ್ಸೇ ನಕ್ಕಿತು.

ಮಂಜು ಬಿದ್ದ ದಿನ ಮಾತ್ರ ಯಾರೂ ನಗುತ್ತಿರಲಿಲ್ಲ. ಕಾಫಿ ಗಿಡಗಳ ನಡುವೆ ಕೈಯಿಲ್ಲದ, ಕಾಲಿಲ್ಲದ, ಬರೀ ಒಂದು ಹಳದಿ ಬೆಳಕು ತೇಲುತ್ತ ಬರುತ್ತಿತ್ತು. ನಿಲ್ಲುತ್ತಿತ್ತು. ಯೋಚಿಸಿದಂತೆ ಮಾಡಿ ಮತ್ತೆ ಮುಂದೆ ಬರುತ್ತಿತ್ತು. ಹೊಸದಾಗಿ ಬಂದ ಆಳುಗಳು ಕೊಳ್ಳಿದೆವ್ವ ಎಂದು ಬುಟ್ಟಿ ಬಿಸಾಕಿ ತಮ್ಮ ಲೈನ್ ಮನೆಗಳ ಕಡೆಗೆ ಓಡಿದ್ದುಂಟು. ಅವರಿಗಿಂತ ಮುಂದೆ ಓಡಿದವನು ಯಾರೆಂದು ಇಲ್ಲಿ ಹೇಳಬೇಕಾಗಿಲ್ಲ.

ಇನ್ನು ಆನೆಯ ಸಂಗತಿ. ಒಂದು ಬೆಳಿಗ್ಗೆ ಆ ಮಂಜಿನಲ್ಲೇ ದಾರಿಗೆ ಅಡ್ಡಲಾಗಿ ಒಂಟಿ ಆನೆ ನಿಂತಿತ್ತು. ಎಲೆಯೂ ಅಲುಗದ ಮೌನ. ಹತ್ತು ಮಾರು ಹಿಂದಿದ್ದ ನಾನು ಮರದ ಮರೆಗೆ ಸೇರಿಕೊಂಡೆ. ಅತ್ತೆ ಸೀದಾ ಹತ್ತಿರ ಹೋಗಿ, "ಯಾವನ್ಲಾ ದಾರಿ ಮಧ್ಯ ಲಾರಿ ನಿಲ್ಸಿರೋನು? ತೆಗಿಯೋ!" ಎಂದು ಗದರಿದರು. ಇಷ್ಟು ದೊಡ್ಡ ಅವಮಾನ ಆ ಆನೆಗೆ ಹಿಂದೆಂದೂ ಆಗಿರಲಿಕ್ಕಿಲ್ಲ. ತೆಪ್ಪಗೆ ತೋಟಕ್ಕಿಳಿದು ಹೋಯಿತು. ಆನೆಗೇ ಲಾರಿ ಅಂದ ಗಟ್ಟಿಗಿತ್ತಿ ಎಂದು ಊರೆಲ್ಲ ಹೊಗಳಿತು. ಅತ್ತೆ ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡರು.

ಇಂಥ ಟಾರ್ಚು ಗೇಟಿನ ಕಂಬಕ್ಕೆ ಬಡಿದು ಅದರ ಗಾಜು ಒಡೆಯಿತು. "ಕಂಬ ಅಡ್ಡ ಬಂತು" ಎಂದರು ಅತ್ತೆ.

"ಹೊಸ ಟಾರ್ಚೇ ತಂದ್ಕೊಡ್ತೀನಿ ಬುಡು."

"ಬ್ಯಾಡ. ಇದ್ರ ಬೆಳಕು ನಂಗೆ ಅಭ್ಯಾಸ ಆಗೈತೆ. ಗಾಜು ಹಾಕ್ಸು. ಇದಿಲ್ದೆ ನಾನು ಹೊರಗೆ ಕಾಲಿಡಲ್ಲ ಕಣೋ."

ಸಕಲೇಶಪುರದ ಫೋಟೋ ಕಟ್ಟು ಹಾಕುವ ಅಂಗಡಿಯವನು, "ದೇವರ ಪಟಕ್ಕೆ ಚೌಕ ಕತ್ತರಿಸೋದು ಸಲೀಸು ಮಾರಾಯ್ರೆ, ಗುಂಡಗೆ ಅಂದ್ರೆ ಕೈ ನಡುಗ್ತದೆ" ಎಂದು ಗೊಣಗುತ್ತ ಮೂರನೇ ಸಲಕ್ಕೆ ಸರಿಯಾಗಿ ಕತ್ತರಿಸಿ ಕೊಟ್ಟ. ನಾನು ಅದನ್ನು ಬನೀನಿನಲ್ಲಿ ಸುತ್ತಿ, ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದೆ.

ಸಂಜೆ ಕರೆಂಟು ಹೋಗಿತ್ತು. ಕಾಫಿ ಸ್ಟೋರಿನ ಅಂಗಳದಲ್ಲಿ ಕೂತು, ಗಾಜು ಇಡುವ ಮೊದಲು ಬಲ್ಬು ಹತ್ತುತ್ತದೋ ಇಲ್ಲವೋ ಎಂದು ಐದು ಸಲ ಹಾಕಿ ನೋಡಿದೆ. ನನ್ನ ಜಾತಕವೇ ಅಂಥದ್ದು. ಆಮೇಲೆ ಗಾಜು ಕೂರಿಸಿ, ರಿಂಗು ಬಿಗಿದು ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಸ್ಟೋರಿನ ಸುಣ್ಣದ ಗೋಡೆಗೆ ಬೆಳಕು ಬಿಟ್ಟರು.

ಗೋಡೆಯ ಮೇಲೆ ಎರಡು ಕಪ್ಪು ರೆಕ್ಕೆಗಳು ಬಿಚ್ಚಿಕೊಂಡವು. ಈ ಮೂಲೆಯಿಂದ ಆ ಮೂಲೆಯವರೆಗೆ! ಒಮ್ಮೆ ನಡುಗಿದವು. ಮಡಚಿಕೊಂಡವು. ಸದ್ದೇ ಇಲ್ಲದೆ ಮತ್ತೆ ಬಿಚ್ಚಿ, ಹೆಂಚಿನವರೆಗೂ ಏರಿದವು. ಮನುಷ್ಯನ ಗಂಟಲಿನಿಂದ ಹೊರಡದಂಥ ಒಂದು ಸ್ವರ ನನ್ನಿಂದ ಹೊರಟಿತು.

"ಅತ್ತೆ! ಗೋಡೆ!"

"ಗೋಡೆಗೇನಾಯ್ತೋ? ಬೆಳಕು ಚೆನ್ನಾಗೈತೆ. ಒಳ್ಳೇ ಗಾಜು ಹಾಕ್ಸಿದೀಯ."

ಆ ರೆಕ್ಕೆಗಳನ್ನೇ ನೋಡುತ್ತ ಅತ್ತೆ ತೃಪ್ತಿಯಿಂದ ನಗುತ್ತಿದ್ದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆಗ ಟಾರ್ಚಿನ ತಲೆಯ ಕಡೆ ಕಣ್ಣು ಹೋಯಿತು. ಹೊಸ ಗಾಜಿನ ಒಳಗಡೆ ಒಂದು ಪತಂಗ ಒದ್ದಾಡುತ್ತಿತ್ತು. ನಾನು ಐದು ಸಲ ದೀಪ ಹಾಕಿ ಕರೆದಿದ್ದೆನಲ್ಲ, ಬಂದಿತ್ತು.

ಉಸಿರು ಬಿಟ್ಟೆ. ಆದರೆ ಅತ್ತೆ ಗೋಡೆಯ ಕಡೆ ನೋಡಿ ಇನ್ನೂ ನಗುತ್ತಲೇ ಇದ್ದರು.

"ಅತ್ತೆ, ಗೋಡೆ ಮೇಲೆ ನಿಂಗೆ ಏನ್ ಕಾಣ್ತೈತೆ?"

ಅತ್ತೆ ಬೆಳಕನ್ನು ಗೋಡೆಯ ಮೇಲೆ ಮೆಲ್ಲಗೆ ಅತ್ತಿಂದಿತ್ತ ಆಡಿಸಿದರು.

"ಬೆಳ್ಳಗೆ ಕಾಣ್ತೈತೆ."

"ಅಷ್ಟೇನಾ?"

"ಅಷ್ಟೇ ಕಣೋ. ಎರಡು ವರ್ಷ ಆಯ್ತು." ಟಾರ್ಚನ್ನು ಎದೆಗೆ ಅವುಚಿಕೊಂಡರು. "ಯಾರ್ಗೂ ಹೇಳ್ಬ್ಯಾಡ. ಹೇಳಿದ್ರೆ ಕೈ ಹಿಡ್ಕೊಂಡು ಒಳಗೆ ಕೂರಿಸ್ಬುಡ್ತಾರೆ."

ನಾಳೆಯೇ ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ಯಾರಿಗೂ ಹೇಳದೆ ನಾವಿಬ್ಬರೇ ಎಂದೆ. ಅತ್ತೆ ಎದೆಗೆ ಅವುಚಿಕೊಂಡಿದ್ದನ್ನು ನನ್ನ ಕಡೆ ಚಾಚಿದರು. ಟಾರ್ಚು ಇಸಿದುಕೊಂಡು ಆರಿಸಿ, ರಿಂಗು ಬಿಚ್ಚಿದೆ. ಪತಂಗ ನನ್ನ ಕೆನ್ನೆ ಸವರಿ ಕತ್ತಲಿಗೆ ಹೋಯಿತು. ಮನೆಯ ಕಡೆ ಹೊರಟಾಗ ಅತ್ತೆಯ ಬೆರಳುಗಳು ನನ್ನ ಅಂಗಿಯ ತೋಳನ್ನು ಹುಡುಕಿ ಹಿಡಿದುಕೊಂಡವು.

"ಮೆಟ್ಲು ಬಂತು ಅತ್ತೆ."

"ಗೊತ್ತು ಕಣೋ, ನಡಿ" ಎಂದರು.

ತೋಳು ಬಿಡಲಿಲ್ಲ.