ಇಳಿತದ ಹೊತ್ತಿನ ಸಾಮ್ರಾಜ್ಯ

ಬಹಳ ಹಿಂದೆ, ತೆಂಗಿನಮರಗಳಿಗಿಂತ ಸಲಹೆಗಾರರೇ ದಟ್ಟವಾಗಿ ಬೆಳೆಯುತ್ತಿದ್ದ ದ್ವೀಪರಾಜ್ಯವೊಂದಿತ್ತು. ಅದರ ಅಧಿಪತಿ ಶ್ರೀಮನ್ಮಹಾರಾಜ ವಿಶಾಲಕೀರ್ತಿ. ಒಮ್ಮೆ ನೆರೆರಾಜ್ಯದ ರಾಯಭಾರಿ, "ಬೆಳಗಿನ ವಾಕಿಂಗ್‌ನಲ್ಲೇ ತಮ್ಮ ಇಡೀ ರಾಜ್ಯ ನೋಡಿ ಬಂದೆ, ಪ್ರಭು" ಎಂದು ಮೆಚ್ಚಿ ನುಡಿದ. ಮಹಾರಾಜರು ಅಂದು ಭೋಜನ ಮುಟ್ಟಲಿಲ್ಲ.

ಮಹಾಮಂತ್ರಿ ಮಧುರಸೇನರು ಅಳತೆಗಾರ ಕುಪ್ಪಣ್ಣ ಖಾರ್ವಿಯನ್ನು ಕರೆಸಿದರು. ಮೂವತ್ತು ವರ್ಷದಿಂದ ಕರಾವಳಿ ಅಳೆಯುತ್ತಿದ್ದ ಅವನಿಗೆ ದಡದ ಪ್ರತಿ ಬಂಡೆಯ ಪರಿಚಯವಿತ್ತು. ಅರಮನೆಯದು ಮಾತ್ರ ಇರಲಿಲ್ಲ.

"ದ್ವೀಪ ಎಷ್ಟು ದೊಡ್ಡದಪ್ಪಾ?"

"ಉಬ್ಬರದಲ್ಲಿ ಅಳೆದ್ರೆ ಮೂರು ಚದರ ಮೈಲಿ ಸ್ವಾಮಿ. ಇಳಿತದಲ್ಲಿ ನೀರು ಹಿಂದೆ ಹೋಗ್ತದೆ, ಐದಾಗ್ತದೆ."

"ಹಾಗಾದರೆ ಐದು. ಉಬ್ಬರವೆಂಬುದು ವಿರೋಧಿಗಳ ಅಪಪ್ರಚಾರ."

ಕುಪ್ಪಣ್ಣನಿಗೆ ನಗು ಬಂತು. ಬಾಗಿಲಲ್ಲಿದ್ದ ಭಟನ ಮುಖ ನೋಡಿ ನುಂಗಿಕೊಂಡ. ಇಳಿತಕ್ಕೆ ಕಾದು ಅಳೆದ, ಸಹಿ ಹಾಕಿದ.

"ಅಳತೆ ಸರಿ ಉಂಟಾ?" ಹೆಂಡತಿ ದೇವಕಿ ಕೇಳಿದಳು.

"ಸರಿ ಉಂಟು. ದಿನಕ್ಕೆ ಎರಡು ಸಲ."

ಮರುವಾರ ಹೊಸ ಭೂಪಟ ಬಿಡುಗಡೆಯಾಯಿತು. ಕುಪ್ಪಣ್ಣನೂ ವಾಸವಿದ್ದ ಖಾರ್ವಿಕೇರಿಯ ಗುಡ್ಡದ ಮೇಲೆ ಮಹಾರಾಜರ ವಿಹಾರಭವನ ಬರಬೇಕಿದ್ದುದರಿಂದ, ಅಲ್ಲಿನ ನಲವತ್ತು ಕುಟುಂಬಗಳಿಗೆ ಹೊಸದಾಗಿ ದೊರೆತ ನೆಲದಲ್ಲಿ 'ವಿಶಾಲನಗರ ಸ್ಮಾರ್ಟ್ ಬಡಾವಣೆ' ಮಂಜೂರಾಯಿತು. ಮೊದಲ ಹಕ್ಕುಪತ್ರ, ಹಾರ ಸಮೇತ, ಕುಪ್ಪಣ್ಣನಿಗೇ.

ಒಂದೇ ಇಳಿತದಲ್ಲಿ ಎಬ್ಬಿಸಿದ ಮನೆಗಳ ಗೃಹಪ್ರವೇಶದ ಮಧ್ಯಾಹ್ನವೇ ಸಮುದ್ರ ಬಂತು. ಮೊದಲು ಹೊಸ್ತಿಲು, ಆಮೇಲೆ ಒಲೆ. ದೇವಕಿ ಅಕ್ಕಿ ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ಎದೆಮಟ್ಟದ ನೀರಿನಲ್ಲಿ ನಿಂತಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನ ಎದೆ ಎಷ್ಟೋ ಹಗುರಾಗುತ್ತಿತ್ತು.

ಒದ್ದೆ ಬಟ್ಟೆಯಲ್ಲೇ ಕುಪ್ಪಣ್ಣ ರಾಜಸಭೆಗೆ ನಡೆದ.

"ತಪ್ಪು ನಂದು ಒಡೆಯಾ. ಅದು ನೆಲ ಅಲ್ಲ, ಸಮುದ್ರ. ಗೊತ್ತಿದ್ದೇ ಸಹಿ ಹಾಕಿದ್ದು."

ಮಧುರಸೇನರು ಭೂಪಟ ಬಿಡಿಸಿದರು. "ಪ್ರಭು, ದಾಖಲೆಯಲ್ಲಿ ಅದು ನೆಲ. ಆದ್ದರಿಂದ ಇದು ಸಮುದ್ರದ ಅತಿಕ್ರಮಣ. ಈ ಜನ ಅದಕ್ಕೆ ಮನೆಯೊಳಗೇ ಆಶ್ರಯ ಕೊಟ್ಟಿದ್ದಾರೆ."

"ಸಮುದ್ರಕ್ಕೆ ನೋಟಿಸ್ ಕೊಡಿ" ಎಂದರು ಮಹಾರಾಜರು.

ಬಂಡೆಯೊಂದಕ್ಕೆ ನೋಟಿಸ್ ಅಂಟಿಸಲಾಯಿತು. ಆರು ಗಂಟೆಯೊಳಗೆ ಸಮುದ್ರ ಹಿಂದೆ ಸರಿಯಿತು. ಆಸ್ಥಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುದಿನ ಗುಡ್ಡದ ಮೇಲೆ ಮಹಾರಾಜರಿಗೆ 'ಜಲಧಿದಮನ ಚಕ್ರವರ್ತಿ' ಎಂಬ ಬಿರುದೂ ಹೊಸ ಕಿರೀಟವೂ ಸಂದವು. ಆಶ್ರಯ ಕೊಟ್ಟ ತಪ್ಪಿಗೆ ವಿಶಾಲನಗರದವರಿಗೆ ಆಜ್ಞೆಯಾಯಿತು: ಇನ್ನು ಮುಂದೆ ಮನೆ ಹೊಕ್ಕ ಸಮುದ್ರವನ್ನು ನಿವಾಸಿಗಳೇ ಎತ್ತಿ, ರಾಜ್ಯದ ನೆಲದಾಚೆಗೆ ಚೆಲ್ಲತಕ್ಕದ್ದು.

ಮುಂದಿನ ಉಬ್ಬರಕ್ಕೆ ದೇವಕಿ ಬಿಂದಿಗೆ ತುಂಬಿ ಎತ್ತಿದಳು. ಎರಡು ದಿನದಲ್ಲಿ ಗಂಡನೊಡನೆ ಆಡಿದ ಮೊದಲ ಮಾತು:

"ಎಲ್ಲಿಗೆ ಚೆಲ್ಲುದು?"

ಕುಪ್ಪಣ್ಣ ಸುತ್ತ ನೋಡಿದ. ಕಣ್ಣು ಹಾಯುವಷ್ಟು ದೂರವೂ ನೀರು. ಅಷ್ಟೂ ಮಹಾರಾಜರ ನೆಲ.