ಮಾವನ ಗಿಟಾರಿನ ಹೊಟ್ಟೆ

"ಈ ಸಲದ ರಾಜ್ಯೋತ್ಸವಕ್ಕೆ ತಿರುಮಕೂಡಲು ನಡುಗಬೇಕು! ನಡುಗದಿದ್ರೆ ನನ್ನ ಹೆಸರು ಮಾದೇಶನೇ ಅಲ್ಲ!"

ನಂಜನಗೂಡಿನ ಗುಮಾಸ್ತ ಮಾದೇಶ ಹೀಗೆ ಘೋಷಿಸಿದಾಗ ಹೆಂಡತಿ ಇಂದ್ರಾಣಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಗಟ್ಟಿಯಾಗಿ ಸೀನಿದಳು. ಆ ಸೀನನ್ನು ಮಾದೇಶ ಶಕುನದ ಲೆಕ್ಕಕ್ಕೆ ಸೇರಿಸಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಗಿಟಾರು. ಅದೇನು ಅಂತಿಂಥ ಗಿಟಾರೇ! ಕೋಲಾರದ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ದೊರೆಗಳನ್ನು ಕುಣಿಸಿದ್ದು. ಅಲ್ಲಿಂದ ಸೋದರಮಾವ ಮಂಟೇಸ್ವಾಮಿಯವರ ಹೆಗಲೇರಿ, ಮೈಸೂರಿನ ಆರ್ಕೆಸ್ಟ್ರಾದಲ್ಲಿ ಎಷ್ಟೋ ಆರತಕ್ಷತೆಗಳನ್ನು ಬೆಳಗಿದ್ದು. ಕರೆಂಟಿನ ಗಿಟಾರೇ ಹೌದು, ಆದರೆ ಒಳಗೆಲ್ಲ ಪೊಳ್ಳು. ಎದೆಯ ಮೇಲೆ ಪಿಟೀಲಿಗಿರುವಂತೆ ಎರಡು ಬಾಗಿದ ಸೀಳು. ಮಾವ ತೀರಿಕೊಂಡ ಮೇಲೆ ಸೋಸಲೆಯ ಅತ್ತೆ ಮರಿತಾಯಮ್ಮ ಅದನ್ನು ಅಳಿಯನ ಕೈಗೆ ಕೊಟ್ಟದ್ದು ಎರವಲಾಗಿ ಮಾತ್ರ.

"ನಮ್ ತಿರುಮಕೂಡ್ಲು ರಾಜ್ಯೋತ್ಸವ್ದಲ್ಲಿ ಆರ್ಕೆಸ್ಟ್ರಾದೋರ ಜೊತೆ ನುಡ್ಸು, ನಾನೂ ಬತ್ತೀನಿ. ನಿಮ್ಮಾವನ ನಾದ ಕೇಳುಸ್ತೋ, ಅದು ನಿಂದು. ಇಲ್ವೋ, ವಾಪಸ್ ತಕ್ಕೊಂಡೋಯ್ತೀನಿ. ಮೈಸೂರಿನ ಅಂಗಡಿಯೋನು ಕೇಳ್ತವ್ನೆ ಕಣಪ್ಪ!"

ಅಂದಿನಿಂದ ಮಾದೇಶನಿಗೆ ಕುಳಿತಲ್ಲಿ ಕೂರಲಾಗದು. ಕಚೇರಿಯಲ್ಲಿ ಫೈಲಿನ ಮೇಲೆ ಬೆರಳು ಕುಣಿಯಿತು; ಮನೆಯಲ್ಲಿ ಊಟದ ತಟ್ಟೆ ತಾಳ ಹಾಕಿತು. ವೇದಿಕೆಗೆಂದು ಮಿರಮಿರ ಮಿಂಚುವ ನೇರಳೆ ಸ್ಯಾಟಿನ್ ಅಂಗಿ ಹೊಲಿಸಿ, ದಿನವೂ ಅದಕ್ಕೆ ಇಸ್ತ್ರಿ!

ಅಷ್ಟರಲ್ಲಿ ಆಯುಧಪೂಜೆ ಬಂತು. ಇಂದ್ರಾಣಿ ಮಚ್ಚು, ಈಳಿಗೆಮಣೆ, ಸೈಕಲ್ಲುಗಳನ್ನು ತೊಳೆದಿಟ್ಟಳು. ಗಿಟಾರೂ ಆಯುಧವೇ ತಾನೆ! ಮಾದೇಶ ಸೀಳಿಗೆ ಟಾರ್ಚು ಬಿಟ್ಟು ಇಣುಕಿದ. ಒಳಗೆ ಬಟ್ಟೆ! ತಂತಿಯ ಕೊಕ್ಕೆ ಹಾಕಿ ಎಳೆದ. ಬಂತು, ಬಂತು, ಇನ್ನೂ ಬರುತ್ತಲೇ ಇತ್ತು.

"ಇಲಿ ಗೂಡು ಕಣೇ! ಎಸಿ ಆಚೆಗೆ!"

"ಎಸೆಯೋದ್ಯಾಕ್ರೀ? ಒಳ್ಳೆ ಮೆತ್ತಗದೆ. ಪಾತ್ರೆ ಇಳ್ಸೋಕೆ ಮಸಿಬಟ್ಟೆ ಆಯ್ತದೆ ಬುಡಿ."

ಹೊಟ್ಟೆ ಬರಿದಾದ ಗಿಟಾರು ಕುಂಕುಮ ಇಡಿಸಿಕೊಂಡು ಕುಳಿತಿತು. ಮನೆಯಲ್ಲಿ ಸ್ಪೀಕರಿಲ್ಲದ್ದರಿಂದ ಅಭ್ಯಾಸವೆಲ್ಲ ಕರೆಂಟಿಲ್ಲದೆಯೇ ನಡೆಯಿತು. ಯಾವ ತೊಂದರೆಯೂ ಕಾಣಲಿಲ್ಲ.

ತೊಂಬತ್ತೆಂಟರ ರಾಜ್ಯೋತ್ಸವದ ಸಂಜೆ. ಮುಂದಿನ ಸಾಲಿನಲ್ಲಿ ಮರಿತಾಯಮ್ಮ. ಪಕ್ಕದಲ್ಲಿ, ಆರ್ಕೆಸ್ಟ್ರಾದವರಿಗೆಂದು ಬಿಸಿಬಿಸಿ ಬಾತಿನ ಡಬರಿ ಹಿಡಿದ ಇಂದ್ರಾಣಿ. ನೇರಳೆ ಮಾದೇಶ ಮಹಾರಾಜನಂತೆ ವೇದಿಕೆಯೇರಿ ಗಿಟಾರಿಗೆ ಕರೆಂಟು ಕೊಟ್ಟ.

ಬೆರಳು ತಂತಿಗೆ ತಾಗಲೇ ಇಲ್ಲ, "ಊಂಂಂಂ...!" ಎಂದಿತು ಗಿಟಾರು.

ಗಾಬರಿಯಿಂದ ಸ್ಪೀಕರಿನ ಹತ್ತಿರ ಓಡಿದ. "ಊಂಂಂಂಂಂ!" ಇನ್ನೂ ಜೋರಾಯಿತು! ಬಸ್‌ಸ್ಟ್ಯಾಂಡಿನ ನಾಯಿಗಳೆಲ್ಲ ಒಕ್ಕೊರಲಿನಿಂದ ಉತ್ತರ ಕೊಟ್ಟವು. ತೊಟ್ಟಿಲ ಕೂಸುಗಳು ಎದ್ದವು. ಹೌದು, ತಿರುಮಕೂಡಲು ನಡುಗಿತು!

"ಯಾರ್ಲಾ ಅದು, ಸ್ಟೇಜ್ ಮೇಲೆ ಕೋಣ ಕಟ್ಟಿರೋರು?" ಎಂದಿತು ಹಿಂದಿನ ಸಾಲು.

ಮರಿತಾಯಮ್ಮ ಎದ್ದು ನಿಂತರು. "ಲೋ ಮಾದೇಸ, ಅದ್ರೊಟ್ಟೇಲಿದ್ದ ಬಟ್ಟೆ ಎಲ್ಲೋ?"

"ಇಲಿ ಗೂಡು ಅಂತ ತೆಗ್ದೆ ಅತ್ತೆ..."

"ಇಲಿ ಗೂಡಾ! ನನ್ ಧಾರೆ ಸೀರೆ ಕಣೋ ಅದು! ಒಟ್ಟೆ ಬರಿದಾದ್ರೆ ಕರೆಂಟು ಕೊಟ್ಟೇಟ್ಗೆ ಊಳಿಡ್ತದೆ ಅಂತ ನಿಮ್ಮಾವನೇ ತುಂಬಿದ್ದು!"

ಗಿಟಾರು ಮೈಸೂರಿನ ಬಸ್ಸು ಹತ್ತುವುದು ಮಾದೇಶನ ಕಣ್ಣಿಗೆ ಕಟ್ಟಿತು. ಆಗ ಇಂದ್ರಾಣಿ ಡಬರಿಯನ್ನು ನೆಲಕ್ಕಿಳಿಸಿ, ಅದರ ಕಂಠಕ್ಕೆ ಸುತ್ತಿದ್ದ ಮಸಿಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು.

"ಇದೇನಾ ನೋಡಿ ಅತ್ತೆಮ್ಮ."

ಮಸಿಯ ನಡುವೆ ಕೆಂಪು ಅಂಚು ಇನ್ನೂ ಇಣುಕುತ್ತಿತ್ತು. ಮರಿತಾಯಮ್ಮ ಮೂಸಿ ನೋಡಿದರು. "ಸೀರೆ ನಂದೇಯ. ವಾಸ್ನೆ ಮಾತ್ರ ನಿಂದು ಕಣವ್ವ!"

ಸೀರೆ ಮತ್ತೆ ಗಿಟಾರಿನ ಹೊಟ್ಟೆ ಸೇರಿತು. ಊಳು ನಿಂತಿತು. ಮಾದೇಶ ತಂತಿ ಮೀಟಿದ. ಜೇನು ಸುರಿದಂತೆ ನಾದ! ಅತ್ತೆ ಕಣ್ಣು ಮುಚ್ಚಿ ಕುಳಿತರು. ಸೆರಗು ಕಣ್ಣಿಗೆ ಹೋಯಿತು.

ಹಾಡು ಮುಗಿದದ್ದೇ ತಡ, ಮಾದೇಶ ಓಡಿಬಂದು ಕಾಲಿಗೆ ಬಿದ್ದ. "ಅತ್ತೆ, ಮಾವನ ನಾದಾನೇ ತಾನೆ? ಗಿಟಾರು ನಂದಾಯ್ತು ತಾನೆ?"

"ನಾದ ಅವುರ್ದೇಯ. ಗಿಟಾರು ಮಾತ್ರ ಇಂದ್ರಾಣೀದು. ನೀನು ಎಸಿ ಅಂದೆ, ಅವ್ಳು ಮಡೀಕಂಡ್ಲು!"

ಮರುದಿನ ಮಾದೇಶ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತ. "ಇಂದ್ರಾಣಿ, ಒಂದ್ಗಳಿಗೆ ನಿನ್ನ ಗಿಟಾರು ಕೊಡ್ತೀಯಾ?"

"ಧಾರಾಳ್ವಾಗಿ ತಕ್ಕೊಳ್ರೀ. ಆದ್ರೆ ನನ್ ಮಸಿಬಟ್ಟೆ ಅದ್ರೊಟ್ಟೆ ಸೇರ್ತಲ್ಲ, ನನಗೊಂದು ಬ್ಯಾಡ್ವಾ?"

ಈಗ ಮಾದೇಶ ಬನಿಯನ್ನಿನಲ್ಲೇ ಗಿಟಾರು ನುಡಿಸುತ್ತಾನೆ. ಅನ್ನದ ತಪ್ಪಲೆ ಮಾತ್ರ ನೇರಳೆ ಸ್ಯಾಟಿನ್ ಸುತ್ತಿಕೊಂಡು, ಮಿರಮಿರ ಮಿಂಚುತ್ತ, ಮಹಾರಾಜನಂತೆ ಒಲೆಯಿಂದ ಇಳಿಯುತ್ತದೆ!